ಚೀನಾದ ಹಳಿಗಳು, ಸ್ಟೀಮರ್ ದಾರಿಗಳು: ವಿಜಯಪುರದಲ್ಲಿ ಕೊಂಡ ಒಂದು ಗೋಡೆ ನಕಾಶೆ

ಪದವಿ ತರಗತಿಗೆ ಏಷ್ಯಾದ ಇತಿಹಾಸ ಹೇಳುವ ನನಗೆ, ಚೀನಾದ ಕೊನೆಯ ರಾಜವಂಶವಾದ ಚಿಂಗ್ ಅರಸೊತ್ತಿಗೆ ಮುಗಿಯುವ ಹೊತ್ತಿಗೆ ಅಲ್ಲಿ ರೈಲು ಎಲ್ಲಿಯವರೆಗೆ ಓಡುತ್ತಿತ್ತು, ಸ್ಟೀಮರ್ ಎಲ್ಲಿಯವರೆಗೆ ಏರುತ್ತಿತ್ತು ಎಂಬುದನ್ನು ಒಂದೇ ಹಾಳೆಯಲ್ಲಿ ತೋರಿಸುವ ನಕಾಶೆ ಬಹಳ ದಿನಗಳಿಂದ ಬೇಕಾಗಿತ್ತು. ವಿಜಯಪುರದ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಅಂಥದು 650 ರೂಪಾಯಿಗೆ ದೊರೆಯಿತು. ಎರಡು ತಿಂಗಳು ತರಗತಿಯಲ್ಲಿ ಬಳಸಿದ ಮೇಲೆ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ನಕಾಶೆಯ ಹೆಚ್ಚುಗಾರಿಕೆ ಇರುವುದು ಯಾಂಗ್‌ತ್ಸೆ ನದಿಯನ್ನು ತೋರಿಸಿದ ರೀತಿಯಲ್ಲಿ. ಶಾಂಘೈಯಿಂದ ಹ್ಯಾಂಕೌವರೆಗೆ ದಪ್ಪ ನೀಲಿ ಗೆರೆ, ಅಲ್ಲಿಂದ ಯಿಚಾಂಗ್‌ವರೆಗೆ ತೆಳು ಗೆರೆ, ಮೇಲಿನ ಕಮರಿಗಳಲ್ಲಿ ಬರೀ ಚುಕ್ಕಿಗಳು. ಬೇಸಿಗೆಯಲ್ಲಿ ನದಿ ತುಂಬಿದಾಗ ಸಮುದ್ರದ ಹಡಗುಗಳೇ ಹ್ಯಾಂಕೌವರೆಗೆ ಬರುತ್ತಿದ್ದವು. ಚಳಿಗಾಲದಲ್ಲಿ ನೀರು ಇಳಿದರೆ ಚಿಕ್ಕ ಸ್ಟೀಮರ್‌ಗಳೇ ಗತಿ. ಕೊಲ್ಹಾರದ ಹತ್ತಿರ ಕೃಷ್ಣೆ ಏರಿ ಇಳಿಯುವುದನ್ನು ನೋಡಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಯಿಚಾಂಗ್‌ನಿಂದ ಮೇಲಕ್ಕೆ ದೋಣಿಗಳಿಗೆ ಹಗ್ಗ ಕಟ್ಟಿ ದಡದ ಮೇಲಿಂದ ಮನುಷ್ಯರು ಎಳೆಯುತ್ತಿದ್ದರು. 1898ರಲ್ಲಿ ಕಮರಿಗಳ ಆಚೆಯ ಚೊಂಗ್‌ಚಿಂಗ್ ಮುಟ್ಟಿದ ಮೊದಲ ಸ್ಟೀಮರ್ ಕೂಡ ನೀರಿನ ಸೆಳೆತ ಹೆಚ್ಚಿದ್ದ ಕಡೆ ಅದೇ ಹಗ್ಗವನ್ನು ನಂಬಿಕೊಂಡಿತ್ತು.

ರೈಲಿನ ಭಾಗ ಇಷ್ಟು ಚೆನ್ನಾಗಿಲ್ಲ. ಪ್ರತಿ ಮಾರ್ಗದ ಪಕ್ಕದಲ್ಲಿ ಅದು ತೆರೆದ ವರ್ಷವಿದೆ: ಕಲ್ಲಿದ್ದಲಿಗಾಗಿ ತಾಂಗ್‌ಷಾನ್‌ನಲ್ಲಿ ಹಾಕಿದ ಚಿಕ್ಕ ಮಾರ್ಗಕ್ಕೆ 1881, ಬೀಜಿಂಗ್–ಹ್ಯಾಂಕೌ ಮಾರ್ಗಕ್ಕೆ 1906, ಝಾನ್ ತ್ಯಾನ್‌ಯೂ ಎಂಬ ಚೀನೀ ಎಂಜಿನಿಯರ್ ವಿದೇಶಿ ಸಾಲವಿಲ್ಲದೆ ಬೆಟ್ಟ ದಾಟಿಸಿದ ಬೀಜಿಂಗ್–ಝಾಂಗ್‌ಜಿಯಾಕೌ ಮಾರ್ಗಕ್ಕೆ 1909. ಆದರೆ ಹಳಿಗಳ ಅಗಲವನ್ನು ಎಲ್ಲಿಯೂ ಗುರುತಿಸಿಲ್ಲ. ನಮ್ಮ ಜಿಲ್ಲೆಯ ಓದುಗರಿಗೆ ಇದು ದೊಡ್ಡ ಕೊರತೆ. 1876–78ರ ಬರ ಕಂಡ ಮೇಲೆ ನಮ್ಮ ಜಿಲ್ಲೆಯ ಮೂಲಕ ಹಾಕಿದ ಹೋಟಗಿ–ಗದಗ ಮೀಟರ್‌ಗೇಜ್ 1884ರಲ್ಲಿ ತೆರೆಯಿತು. ಅದೇ ವರ್ಷಗಳಲ್ಲಿ ಉತ್ತರ ಚೀನಾದಲ್ಲಿಯೂ ಭೀಕರ ಬರವಿತ್ತು. ತ್ಯಾಂಜಿನ್ ಬಂದರಿಗೆ ಹಡಗಿನಲ್ಲಿ ಬಂದ ಧಾನ್ಯ ಅಲ್ಲಿಯೇ ರಾಶಿ ಬಿದ್ದಿತ್ತು, ಏಕೆಂದರೆ ಬರಕ್ಕೆ ತುತ್ತಾಗಿದ್ದ ಒಳನಾಡಿನ ಷಾನ್‌ಷಿ ಪ್ರಾಂತ್ಯಕ್ಕೆ ಹೋಗುವ ಘಟ್ಟದಲ್ಲಿ ಕತ್ತೆ, ಹೇಸರಗತ್ತೆ, ಒಂಟೆಗಳ ಹೊರತು ಬೇರೆ ಸಾಗಾಟವಿರಲಿಲ್ಲ. ಆ ಬರದ ನಡುವೆಯೇ, 1877ರಲ್ಲಿ, ಪರವಾನಗಿ ಇಲ್ಲದೆ ವಿದೇಶಿಯರು ಹಾಕಿದ್ದ ಶಾಂಘೈ–ವೂಸುಂಗ್ ಹಳಿಯನ್ನು ಸರಕಾರ ಕೊಂಡು ಕಿತ್ತುಹಾಕಿಸಿತು. ಷಾನ್‌ಷಿಯ ತೈಯುವಾನ್‌ಗೆ ರೈಲು ಬಂದದ್ದು 1907ರಲ್ಲಿ, ಅದೂ ಆಗಿನ ನಮ್ಮದರಂತೆ ಮೀಟರ್‌ಗೇಜ್. ಒಂದೇ ಕಾಲದ ಎರಡು ಬರಗಳು, ಒಂದೇ ಅಗಲದ ಎರಡು ಹಳಿಗಳು, ನಡುವೆ ಇಪ್ಪತ್ಮೂರು ವರ್ಷಗಳ ಅಂತರ: ಇಷ್ಟು ದೊಡ್ಡ ಪಾಠವನ್ನು ಒಂದು ಬಣ್ಣದ ಗೆರೆಯಿಂದ ಹೇಳಬಹುದಾಗಿತ್ತು.

ಇದಕ್ಕಿಂತ ಗಂಭೀರವಾದ ತಪ್ಪು ಇನ್ನೊಂದಿದೆ. ಹ್ಯಾಂಕೌನಿಂದ ಪಶ್ಚಿಮದ ಸಿಚುವಾನ್ ಪ್ರಾಂತ್ಯಕ್ಕೆ ಹೋಗುವ ಮಾರ್ಗವನ್ನು ಪೂರ್ಣಗೊಂಡ ಮಾರ್ಗವೆಂಬಂತೆ ಅಖಂಡ ಕಪ್ಪು ಗೆರೆಯಲ್ಲಿ ಎಳೆದಿದ್ದಾರೆ. ಆ ಮಾರ್ಗ ಆಗ ಪೂರ್ಣಗೊಂಡಿರಲಿಲ್ಲ. ಅದಕ್ಕಾಗಿ ಸಿಚುವಾನ್‌ನಲ್ಲಿ ಭೂಮಿಯ ಗೇಣಿಯ ಮೇಲೆಯೇ ವಂತಿಗೆ ಹಾಕಿ ಹಣ ಕೂಡಿಸಿದ್ದರು. 1911ರ ಮೇ ತಿಂಗಳಲ್ಲಿ ಸರಕಾರ ಅದನ್ನು ವಶಪಡಿಸಿಕೊಂಡು ವಿದೇಶಿ ಸಾಲಕ್ಕೆ ಕೈಯೊಡ್ಡಿದಾಗ ಜನ ರೊಚ್ಚಿಗೆದ್ದರು. ಅವರನ್ನು ಹತ್ತಿಕ್ಕಲು ಹ್ಯಾಂಕೌ ಇರುವ ಹೂಬೇ ಪ್ರಾಂತ್ಯದಿಂದ ಪಡೆಗಳನ್ನು ಕಳುಹಿಸಿದ್ದರಿಂದ ಅಲ್ಲಿಯ ಕಾವಲು ತೆಳುವಾಯಿತು, ಅಕ್ಟೋಬರ್ 10ರಂದು ಅದೇ ಪ್ರಾಂತ್ಯದ ವೂಚಾಂಗ್‌ನಲ್ಲಿ ದಂಗೆ ಎದ್ದಿತು. ಹಾಕದ ಹಳಿಯೊಂದು ಅರಸೊತ್ತಿಗೆಯನ್ನೇ ಅಲುಗಾಡಿಸಿದ ಕಥೆ ಈ ಕಪ್ಪು ಗೆರೆಯ ಅಡಿಯಲ್ಲಿ ಮುಚ್ಚಿಹೋಗಿದೆ.

ಬಟ್ಟೆಯ ಹಿಂಬದಿ ಗಟ್ಟಿಯಾಗಿದೆ, ಬಣ್ಣ ಮಾಸಿಲ್ಲ. ಊರುಗಳ ಹೆಸರು ಮಾತ್ರ ಹಿಂದಿನ ಬೆಂಚಿಗೆ ಕಾಣುವುದಿಲ್ಲ. ತಪ್ಪನ್ನು ತೋರಿಸಿದಾಗ ಅಂಗಡಿಯವರು ಬೇಸರಪಡದೆ ಕೇಳಿ, "ಸರ, ಉಳಿದ ಪ್ರತಿಗಳೊಳಗ ಒಂದು ಚೀಟಿ ಅಂಟಿಸ್ತೀನ್ರಿ, ಏನು ಬರೀಬೇಕು ನೀವೇ ಹೇಳ್ರಿ" ಎಂದರು. ಬರೆದುಕೊಟ್ಟಿದ್ದೇನೆ. ನದಿಯ ಭಾಗವೊಂದಕ್ಕೇ ಈ ಬೆಲೆ ಕೊಡಬಹುದು. ಆದರೆ ಚೀಟಿ ಇಲ್ಲದ ಪ್ರತಿ ಸಿಕ್ಕವರು ಹ್ಯಾಂಕೌನಿಂದ ಪಶ್ಚಿಮದ ಕಪ್ಪು ಗೆರೆಯನ್ನು ಮೊದಲು ಬಿಳಿ ಬಣ್ಣದಿಂದ ಅಳಿಸಿ, ಆಮೇಲೆ ಗೋಡೆಗೆ ತೂಗುಹಾಕಬೇಕು.