ಮೇಲಿಂದ ಇಳಿಯುವ ಲಿಟರ್ ಬಾಕ್ಸ್: ನಾಯಿಯೂ ಇರುವ ಮನೆಯಲ್ಲಿ ಆರು ವರ್ಷ

2019ರ ಆಗಸ್ಟ್‌ನಲ್ಲಿ ಈ ಲಿಟರ್ ಬಾಕ್ಸ್, ಅಂದರೆ ಬೆಕ್ಕು ಮನೆಯೊಳಗೇ ಕಕ್ಕಸು ಮಾಡುವ ಡಬ್ಬಿ, ತರಿಸಿದ್ದು ಒಂದೇ ಕಾರಣಕ್ಕೆ. ನಮ್ಮ ನಾಯಿ ಕರಿಯ ಬೆಕ್ಕುಗಳ ಕಕ್ಕ ತಿನ್ನುತ್ತಿದ್ದ. ಓದಲು ಅಸಹ್ಯ ಅನಿಸಬಹುದು. ಆದರೆ ನಾಯಿ, ಬೆಕ್ಕು ಎರಡನ್ನೂ ಒಳಗೆ ಸಾಕುವವರಿಗೆ ಇದು ಗೊತ್ತಿರುವ ಕಷ್ಟವೇ. ಬೆಕ್ಕಿನ ಆಹಾರದಲ್ಲಿ ಪ್ರೋಟೀನ್, ಕೊಬ್ಬು ಎರಡೂ ಜಾಸ್ತಿ. ಹೊರಗೆ ಬಂದದ್ದರಲ್ಲೂ ಆ ವಾಸನೆ ಉಳಿದಿರುತ್ತದೆ. ನಾಯಿಗೆ ಅದು ತಿಂಡಿ. ಗದರಿಸಿದರೆ ಬಿಡುವುದಿಲ್ಲ, ನಾವು ನೋಡದಾಗ ತಿನ್ನಲು ಕಲಿಯುತ್ತದೆ ಅಷ್ಟೆ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ನಡುವೆ. ಬೆಕ್ಕುಗಳು ಮೊದಲು ತೋಟಕ್ಕೇ ಹೋಗುತ್ತಿದ್ದವು. ಆ ವರ್ಷ ಜೂನ್‌ನಲ್ಲಿ ಒಂದು ಬೆಕ್ಕು ಬೀದಿನಾಯಿಗಳ ಬಾಯಿಗೆ ಸಿಕ್ಕಿ ಸತ್ತುಹೋಯಿತು. ಉಳಿದ ಎರಡನ್ನು, ಚುಮ್ಮಿ ಮತ್ತು ಬೆಳ್ಳನನ್ನು, ಇನ್ನು ಒಳಗೇ ಇಡುವುದು ಅಂತ ನಾನು ಹಟ ಹಿಡಿದೆ. ಅತ್ತೆಗೆ ಇಷ್ಟವಿರಲಿಲ್ಲ. "ಇಷ್ಟು ದೊಡ್ಡ ತೋಟ ಇರುವಾಗ ಬೆಕ್ಕಿಗೆ ಮನೆಯೊಳಗೆ ಕಕ್ಕಸು ಯಾಕೆ ಮಾರಾಯ್ತಿ?" ಅಂದರು. ಅವರು ಹೇಳಿದ್ದರಲ್ಲೂ ನ್ಯಾಯ ಇತ್ತು. ಆದರೆ ಸತ್ತ ಬೆಕ್ಕನ್ನು ತೋಟದಿಂದ ಎತ್ತಿ ತಂದವಳು ನಾನು.

ಮೊದಲು ಸಾದಾ ಪ್ಲಾಸ್ಟಿಕ್ ಬೇಸಿನ್‌ನಲ್ಲಿ ಬೆಂಟೊನೈಟ್ ಲಿಟರ್ ಹಾಕಿ ಇಟ್ಟೆ. ಲಿಟರ್ ಅಂದರೆ ಬೆಕ್ಕು ಕೆರೆದು ಕಕ್ಕ ಮುಚ್ಚಲು ಹಾಕುವ ಪುಡಿ. ಬೆಂಟೊನೈಟ್ ಅಂದರೆ ಒಂದು ಜಾತಿಯ ಮಣ್ಣು. ನಮ್ಮ ದೇಶದಲ್ಲಿ ಗುಜರಾತಿನ ಕಚ್, ರಾಜಸ್ಥಾನದ ಬಾಡ್ಮೇರ್ ಕಡೆ ತೆಗೆಯುತ್ತಾರೆ. ಒದ್ದೆಯಾದರೆ ಉಬ್ಬಿ ಉಂಡೆ ಕಟ್ಟುತ್ತದೆ. ಬೆಕ್ಕಿನ ಮನೆಗೆ ಇದು ಒಳ್ಳೆಯ ಗುಣ, ನಾಯಿಯ ಹೊಟ್ಟೆಗೆ ಅಲ್ಲ. ಜಾಸ್ತಿ ತಿಂದರೆ ಕರುಳಿನಲ್ಲಿ ಕಟ್ಟಿಕೊಳ್ಳಬಹುದು ಅಂತ ಡಾಕ್ಟರ್ ಹೇಳಿದ ದಿನವೇ ಈ ಬಾಕ್ಸ್ ಹುಡುಕಲು ಕೂತೆ.

ಬಾಕ್ಸ್ ಸುಮಾರು 40 ಸೆಂಟಿಮೀಟರ್ ಎತ್ತರ. ಬಾಗಿಲು ಪಕ್ಕದಲ್ಲಿಲ್ಲ, ಮುಚ್ಚಳದಲ್ಲಿ ಒಂದು ತೂತು. ಬೆಕ್ಕು ಮೇಲೆ ಹಾರಿ ಒಳಗೆ ಇಳಿಯಬೇಕು. ಹೊರಗೆ ಬರುವಾಗ ಮುಚ್ಚಳದ ಮೇಲಿನ ಗೀರುಗಳಲ್ಲಿ ಕಾಲಿನ ಲಿಟರ್ ಉದುರುತ್ತದೆ. ಕರಿಯನ ಮೂತಿ ತೂತಿನೊಳಗೆ ಹೋಗುತ್ತದೆ, ತಳ ಮುಟ್ಟುವುದಿಲ್ಲ. ಎರಡು ವಾರ ಪ್ರಯತ್ನ ಮಾಡಿದ. ಒಮ್ಮೆ ಮುಚ್ಚಳವನ್ನೇ ತಳ್ಳಿ ಬೀಳಿಸಿದ. ಆಮೇಲೆ ಆಸೆ ಬಿಟ್ಟ. ತಂದ ಕೆಲಸ ಅದು ಮಾಡಿತು, ಇವತ್ತಿಗೂ ಮಾಡುತ್ತಿದೆ.

ಕಷ್ಟ ಬಂದದ್ದು ಬೇರೆ ಕಡೆಯಿಂದ. ಬಾಕ್ಸನ್ನು ನಾನು ಬಟ್ಟೆ ಒಗೆಯುವ ಕೋಣೆಯ ಮೂಲೆಯಲ್ಲಿ, ಬಾಗಿಲ ಹಿಂದೆ ಇಟ್ಟಿದ್ದೆ. ಕಣ್ಣಿಗೆ ಬೀಳಬಾರದು ಅಂತ. ಚುಮ್ಮಿ ಒಳಗೆ ಇಳಿದ ತಕ್ಷಣ ಕರಿಯ ಬಂದು ಎದುರು ಕೂರುತ್ತಿದ್ದ. ಏನೂ ಮಾಡುತ್ತಿರಲಿಲ್ಲ, ಸುಮ್ನೆ ಕಾಯುತ್ತಿದ್ದ. ಆದರೆ ಹೊರಗೆ ಬರಲು ಇದ್ದದ್ದು ಅದೊಂದೇ ದಾರಿ. ನಾಲ್ಕನೇ ದಿನ ಅಟ್ಟದಲ್ಲಿ ಅಡಿಕೆ ತುಂಬುವ ಗೋಣಿಗಳ ಮೇಲೆ ಉಚ್ಚೆ ವಾಸನೆ ಬಂತು. ಬೆಕ್ಕು ಹೊಲಸು ಮಾಡುತ್ತಿದೆ ಅಂತ ಎಲ್ಲರೂ ಬೈದರು. ಅದು ಹೆದರಿತ್ತು ಅಷ್ಟೆ.

ಬೆಕ್ಕಿಗೆ ಕೂತಲ್ಲಿಂದ ಬಾಗಿಲು ಕಾಣಬೇಕು, ಓಡಿಹೋಗಲು ಇನ್ನೊಂದು ದಾರಿ ಇರಬೇಕು. ಬಾಕ್ಸನ್ನು ಕಿಟಕಿಯ ಕೆಳಗೆ ಸರಿಸಿದೆ. ಬಾಗಿಲಿಗೆ ಒಳಗಿನಿಂದ ಒಂದು ತುಂಡು ಹಗ್ಗ ಕಟ್ಟಿ, ಬೆಕ್ಕು ನುಸುಳುವಷ್ಟೇ ತೆರೆಯುವ ಹಾಗೆ ಮಾಡಿದೆ. ಕರಿಯನಿಗೆ ಆ ಸಂದು ಸಾಲದು. ಅಟ್ಟದಲ್ಲಿ ಎರಡನೆಯ ಬಾಕ್ಸ್ ಇಟ್ಟೆ. ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಜಾಸ್ತಿ ಬಾಕ್ಸ್ ಅನ್ನುವ ಲೆಕ್ಕ ಇದೆ. ನಮಗೆ ಆಗ ಎರಡಕ್ಕೇ ಸುಧಾರಿಸಿತು.

ಗೋಣಿ ತೊಳೆಯುವಾಗ ಇನ್ನೊಂದು ತಪ್ಪು ಆಯಿತು. ಅತ್ತೆ ಇಡೀ ಅಟ್ಟಕ್ಕೆ ಫಿನಾಯಿಲ್ ಹೊಡೆದರು. ದಯವಿಟ್ಟು ಬೆಕ್ಕು ಇರುವ ಮನೆಯಲ್ಲಿ ಇದನ್ನು ಮಾಡಬೇಡಿ. ಫಿನಾಯಿಲ್ ಜಾತಿಯ ದ್ರವಗಳಲ್ಲಿರುವ ಫೀನಾಲ್ ಅನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ತುಂಬ ಕಡಿಮೆ. ಕಾಲಿಗೆ ಹತ್ತಿದ್ದನ್ನು ನೆಕ್ಕಿದರೂ ವಿಷ. ಬ್ಲೀಚಿಂಗ್ ಪೌಡರೂ ಬೇಡ. ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಉಸಿರು ಕಟ್ಟುವ ಗಾಳಿ ಏಳುತ್ತದೆ. ಬಾಕ್ಸಿಗೆ ಬಿಸಿನೀರು, ಸ್ವಲ್ಪ ಸಾಬೂನು ಸಾಕು. ಬಟ್ಟೆಗೆ, ನೆಲಕ್ಕೆ ಆದ ಕಲೆಗೆ ಮಾತ್ರ ಎನ್ಸೈಮ್ ಇರುವ ದ್ರವ ಬೇಕೇ ಬೇಕು. ಬೆಕ್ಕಿನ ಉಚ್ಚೆಯ ಯೂರಿಕ್ ಆ್ಯಸಿಡ್ ಬರೀ ನೀರಿಗೆ ಹೋಗುವುದಿಲ್ಲ. ಒಣಗಿದಾಗ ಏನೂ ಇಲ್ಲ ಅನಿಸುತ್ತದೆ. ನಮ್ಮ ಕಾಸರಗೋಡಿನ ಮಳೆ ಶುರುವಾಗಿ ಗೋಡೆಯೆಲ್ಲ ತೇವ ಹಿಡಿದಾಗ ವಾಸನೆ ಮತ್ತೆ ಏಳುತ್ತದೆ.

ಮಳೆಗಾಲದಲ್ಲಿ ನಾಯಿಯ ಕಥೆಯೇ ಬೇರೆ. ಜೋರು ಮಳೆಗೆ ಕರಿಯ ಅಂಗಳಕ್ಕೆ ಇಳಿಯುವುದಿಲ್ಲ. ಜಗಲಿಯ ಕಂಬಕ್ಕೆ ಕಾಲೆತ್ತುತ್ತಿದ್ದ. ಆಮೇಲೆ ಒಗೆಯುವ ಕೋಣೆಯ ಹೊರಗೋಡೆಗೂ ಶುರುಮಾಡಿದ, ಬೆಕ್ಕಿನ ವಾಸನೆಯ ಮೇಲೆ ತನ್ನದೂ ಇರಲಿ ಅಂತ. ಹಟ್ಟಿಯ ಪಕ್ಕ ಮಾಡಿನ ಕೆಳಗೆ ನಾಲ್ಕು ಮುರಕಲ್ಲು (ಕೆಂಪು ಕಲ್ಲು) ಇಟ್ಟು ಹೊಯ್ಗೆ, ಅಂದರೆ ಮರಳು, ತುಂಬಿದೆವು. ಅವನು ಒದ್ದೆ ಮಾಡಿದ್ದ ಚಿಂದಿ ಬಟ್ಟೆಯನ್ನು ಅಲ್ಲಿ ಹೂತೆವು. ದಿನಾ ಊಟ ಆದ ಕಾಲು ಗಂಟೆಯೊಳಗೆ ಕೊಡೆ ಹಿಡಿದು ಅಲ್ಲಿಗೇ ಕರೆದುಕೊಂಡು ಹೋದೆವು. ಮಾಡಿದ ಕ್ಷಣವೇ ಒಂದು ತುಂಡು ಒಣಮೀನು. ಮೂರು ವಾರ ಹಿಡಿಯಿತು. ಈಗ ಆಟಿ ತಿಂಗಳ ಮಳೆಗೂ ತಾನೇ ಹೋಗಿ ಬರುತ್ತಾನೆ. ಸಂತಾನಹರಣ ಮಾಡಿಸಿದ ಮೇಲೆ ಕಾಲೆತ್ತುವುದೂ ತುಂಬ ಕಡಿಮೆಯಾಯಿತು.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು, ಕೇರಳ ಮತ್ತು ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತು. ನಮಗೆ ಲಿಟರ್ ಬರುತ್ತಿದ್ದದ್ದು ಮಂಗಳೂರಿನಿಂದ. ಆಸ್ಪತ್ರೆಗೆ ಹೋಗಲೇ ಆಗದ ದಿನಗಳು ಅವು, ಬೆಕ್ಕಿನ ಲಿಟರ್ ಯಾರು ಕೇಳುತ್ತಾರೆ? ಮಿಲ್ಲಿನ ಮರದ ಹುಡಿ ತಂದು ಹಾಕಿದೆ. ಬೆಳ್ಳ ಸೀನತೊಡಗಿದ. ಮನೆಯೆಲ್ಲ ಹುಡಿ. ಮತ್ತೆ ಹೊಯ್ಗೆಯನ್ನು ಜರಡಿ ಹಿಡಿದು, ತೊಳೆದು, ಬಿಸಿಲಿಗೆ ಒಣಗಿಸಿ ಹಾಕಿದೆವು. ಎರಡೂ ಬೆಕ್ಕು ಖುಷಿಯಿಂದ ಕೆರೆದವು. ಸಾಕುಬೆಕ್ಕಿನ ಮೂಲ ಆಫ್ರಿಕಾ, ಅರೇಬಿಯಾ ಕಡೆಯ ಒಣನೆಲದ ಕಾಡುಬೆಕ್ಕು, ನುಣುಪು ಮಣ್ಣು ಅವಕ್ಕೆ ಹುಟ್ಟಾ ಇಷ್ಟ. ಅಂಗಡಿ ಲಿಟರ್ ಬಂದದ್ದೇ ಮೊನ್ನೆ ಮೊನ್ನೆ, 1947ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ. ಹೊಯ್ಗೆ ಕೇಳಿ ಬಂದ ನೆರೆಮನೆಯವರಿಗೆ ಎಡ್ ಲೋ ಅನ್ನುವವರು ಎಣ್ಣೆ ಹೀರುವ ಮಣ್ಣು ಕೊಟ್ಟು ನೋಡಿದಾಗ. ಹೊಯ್ಗೆಗೆ ದುಡ್ಡಿಲ್ಲ, ಆದರೆ ಭಾರ. ಉಚ್ಚೆ ತಳಕ್ಕೆ ಇಳಿಯುತ್ತದೆ. ಎರಡು ದಿನಕ್ಕೊಮ್ಮೆ ಪೂರ್ತಿ ಬದಲಿಸಬೇಕು.

ಗಡಿ ತೆರೆದ ಮೇಲೆ ಬೆಂಟೊನೈಟ್‌ಗೇ ಮರಳಿದೆ. ಅದು ಎಷ್ಟು ಒಳ್ಳೆಯದಾಯಿತು ಅಂತ ಗೊತ್ತಾದದ್ದು 2022ರ ಡಿಸೆಂಬರ್‌ನಲ್ಲಿ.

ದಿನಾ ಬೆಳಗ್ಗೆ ಉಂಡೆ ತೆಗೆಯುವವಳು ನಾನು. ಬೆಳ್ಳನದು ದೊಡ್ಡ ನಿಂಬೆಹಣ್ಣಿನಷ್ಟು, ಚುಮ್ಮಿಯದು ಅದಕ್ಕಿಂತ ಸಣ್ಣದು. ಕೈಗೆ ಗೊತ್ತಾಗಿಬಿಟ್ಟಿತ್ತು. ಆ ದಿನ ನಿಂಬೆಯಷ್ಟು ದೊಡ್ಡದು ಒಂದೂ ಇರಲಿಲ್ಲ. ಗೋಲಿಯಷ್ಟು ಸಣ್ಣವು ಏಳೆಂಟು. ಮಧ್ಯಾಹ್ನದೊಳಗೆ ಬೆಳ್ಳ ಐದು ಸಲ ಬಾಕ್ಸಿಗೆ ಇಳಿದ, ಒಳಗೆ ಕೂತು ಕೂಗಿದ. ಮಲಬದ್ಧತೆ ಇರಬೇಕು ಅಂದರು ಮನೆಯಲ್ಲಿ. ನಾನು ಕೇಳಲಿಲ್ಲ. ರಿಕ್ಷಾ ಮಾಡಿಸಿ ಕಾಸರಗೋಡಿಗೆ ಒಯ್ದೆ. ಮೂತ್ರನಾಳ ಕಟ್ಟಿತ್ತು. ಗಂಡುಬೆಕ್ಕಿಗೆ ಆ ನಾಳ ತುಂಬ ಸಪೂರ. ಪೂರ್ತಿ ಕಟ್ಟಿದರೆ ಒಂದೆರಡು ದಿನದಲ್ಲೇ ಪ್ರಾಣ ಹೋಗುತ್ತದೆ. ಅರಿವಳಿಕೆ ಕೊಟ್ಟು ನಳಿಕೆ ಹಾಕಿ ತೆಗೆದರು. ಮೂರು ದಿನ ಅಲ್ಲೇ ಇದ್ದ. ಮನೆಗೆ ಬಂದ ರಾತ್ರಿ ಬಾಕ್ಸಿನ ಪಕ್ಕ ಟಾರ್ಚ್ ಹಿಡಿದು ಕೂತಿದ್ದೆ. ಬೆಳಗಿನ ಜಾವ ನಿಂಬೆಹಣ್ಣಿನಷ್ಟು ಉಂಡೆ ಸಿಕ್ಕಿತು. ಅಳು ಬಂತು. ಹೊಯ್ಗೆಯಲ್ಲಿ, ಮರದ ಹುಡಿಯಲ್ಲಿ ಇದು ನನಗೆ ಕಾಣುತ್ತಲೇ ಇರಲಿಲ್ಲ. ತೋಟಕ್ಕೆ ಹೋಗುವ ಬೆಕ್ಕಾಗಿದ್ದರೆ ಎಲ್ಲಿಯೋ ಸೋಗೆಯ ಅಡಿಯಲ್ಲಿ ಸತ್ತಿರುತ್ತಿತ್ತು.

ಹಾಗಾಗಿ ಕರಿಯನನ್ನು ತಡೆಯಲು ತಂದ ಬಾಕ್ಸ್ ನನಗೆ ಬೆಕ್ಕಿನ ಆರೋಗ್ಯ ನೋಡುವ ಕಿಟಕಿಯಾಯಿತು. ನಾಯಿ ತಿನ್ನದೇ ಉಳಿದದ್ದರಿಂದಲೇ ಅಲ್ವಾ, ನಾನು ಎಣಿಸಲು ಆದದ್ದು?

ತೆಗೆದದ್ದನ್ನು ಏನು ಮಾಡುವುದು ಅಂತ ತುಂಬ ಜನ ಕೇಳುತ್ತಾರೆ. ಬೆಂಟೊನೈಟ್ ಗೊಬ್ಬರ ಆಗುವುದಿಲ್ಲ. ಕಕ್ಕಸಿಗೆ ಹಾಕಿದರೆ ಉಬ್ಬಿ ಪೈಪ್ ಕಟ್ಟುತ್ತದೆ. ಅಡಿಕೆ ಬುಡಕ್ಕೂ, ತರಕಾರಿ ಸಾಲಿಗೂ ಬೇಡ. ಬೆಕ್ಕಿನ ಕಕ್ಕದಲ್ಲಿ ಟಾಕ್ಸೋಪ್ಲಾಸ್ಮಾ ಅನ್ನುವ ರೋಗಾಣು ಇರಬಹುದು. ಅದು ಹೊರಗೆ ಬಿದ್ದು ಒಂದರಿಂದ ಐದು ದಿನದಲ್ಲಿ ರೋಗ ಹರಡುವ ಹಂತಕ್ಕೆ ಬರುತ್ತದೆ. ಅದಕ್ಕೇ ದಿನಾ ತೆಗೆಯಬೇಕು, ಬಸುರಿಯರು ಈ ಕೆಲಸ ಮಾಡಬಾರದು. ನಾದಿನಿ ಬಾಣಂತನಕ್ಕೆ ಬಂದಾಗ ಆ ಕೋಣೆಗೆ ಬೀಗವೇ ಹಾಕಿದ್ದೆ. ನಮ್ಮದು ಮುರಕಲ್ಲಿನ ನೆಲ, ನೀರು ಸುಲಭವಾಗಿ ಇಳಿಯುತ್ತದೆ. ಕುಡಿಯುವ ನೀರು ಸುರಂಗದ್ದು, ಅಂದರೆ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಲಾಗಿ ಕೊರೆದ ಬಿಲದ್ದು. ಹಾಗಾಗಿ ಸುರಂಗ, ಬಾವಿ ಎರಡಕ್ಕಿಂತಲೂ ಕೆಳಗೆ, ಗುಡ್ಡೆಯ ಆಚೆ ಬದಿಯಲ್ಲಿ ಆಳದ ಗುಂಡಿ ತೋಡಿ, ಅಡಿಕೆ ಹಾಳೆಯ ತುಂಡಿನಲ್ಲಿ ಒಯ್ದು ಹಾಕಿ ಮಣ್ಣು ಮುಚ್ಚುತ್ತೇವೆ. ಖಾಲಿ ಚೀಲ, ಮನೆಮನೆಗೆ ಬಂದು ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ.

ಬಾಕ್ಸಿನ ದೋಷಗಳೂ ಇವೆ. ಮುಚ್ಚಳದ ಕ್ಲಿಪ್ ಮೂರನೇ ವರ್ಷ ಮುರಿಯಿತು, ಈಗ ಹುರಿಹಗ್ಗದಲ್ಲಿ ಕಟ್ಟಿದ್ದೇನೆ. ತಳದಲ್ಲಿ ಉಗುರಿನ ಗೀರು ಬಿದ್ದು ವಾಸನೆ ಹಿಡಿದದ್ದರಿಂದ ಅಟ್ಟದ್ದನ್ನು ಹೋದ ವರ್ಷ ಬದಲಿಸಿದೆ. ಸುಗಂಧ ಹಾಕಿದ ಲಿಟರ್ ತರಬೇಡಿ, ಬೆಳ್ಳ ಮೂಸಿ ತಿರುಗಿಬಿಟ್ಟ. ಮಳೆಗಾಲದಲ್ಲಿ ಚೀಲ ಬಿಚ್ಚಿಟ್ಟರೆ ಲಿಟರ್ ಗಾಳಿಯ ತೇವಕ್ಕೇ ಗಂಟಾಗುತ್ತದೆ. ಮುಚ್ಚಳ ಗಟ್ಟಿ ಇರುವ ಡ್ರಮ್ ಬೇಕು.

ಎಲ್ಲಕ್ಕಿಂತ ದೊಡ್ಡ ದೋಷ, ಇದು ಮುದಿ ಬೆಕ್ಕಿಗೆ ಆಗುವುದಿಲ್ಲ. ಚುಮ್ಮಿಗೆ ಈಗ 12 ವರ್ಷ. ಕಳೆದ ಚಳಿಗಾಲದಲ್ಲಿ ಮುಚ್ಚಳದ ಮೇಲೆ ಹಾರುವ ಮೊದಲು ತುಂಬ ಹೊತ್ತು ನಿಂತು ನೋಡುತ್ತಿದ್ದಳು. ಒಂದು ದಿನ ಬಾಕ್ಸಿನ ಪಕ್ಕದಲ್ಲೇ ನೆಲದ ಮೇಲೆ ಮಾಡಿದಳು. ಸಂದು ನೋವು ಅಂದರು ಡಾಕ್ಟರ್. ಅವಳಿಗೆ ಈಗ ತಗ್ಗು ಅಂಚಿನ ಬೇಸಿನ್, ಅದೇ ಹಗ್ಗ ಕಟ್ಟಿದ ಬಾಗಿಲ ಹಿಂದೆ. ಕರಿಯನಿಗೂ ಎಂಟು ಆಯಿತು. ಬಾಗಿಲ ಸಂದಿನಲ್ಲಿ ಮೂತಿ ಇಟ್ಟು ಮಲಗುತ್ತಾನೆ. ಚುಮ್ಮಿ ಕೆಲಸ ಮುಗಿಸಿ, ಅವನ ಮೂತಿ ದಾಟಿಕೊಂಡೇ ಹೊರಗೆ ಬರುತ್ತಾಳೆ.