ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್: ಸಮಾಲೋಚನೆಗೆ ಪೂರ್ಣ ಅಂಕ, ಕೊಠಡಿಗೆ ಇಲ್ಲ

10ರಿಂದ 19 ವರ್ಷದವರಿಗೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸ್ನೇಹ ಕ್ಲಿನಿಕ್ ನಮ್ಮ ರಾಯಚೂರು ಜಿಲ್ಲೆಯಲ್ಲೂ ಇದೆ ಎಂಬುದು ಬಹಳಷ್ಟು ಮನೆಗಳಿಗೆ ಇನ್ನೂ ಗೊತ್ತಿಲ್ಲ. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಬರುವ ಈ ಸೇವೆಗೆ ಶುಲ್ಕವಿಲ್ಲ. ರಕ್ತಹೀನತೆ, ಮುಟ್ಟಿನ ತೊಂದರೆ, ತಂಬಾಕು ಮತ್ತು ಮದ್ಯದ ಚಟ, ಮನಸ್ಸಿನ ಬೇಗುದಿ, ಹಿಂಸೆ, ಲೈಂಗಿಕ ಆರೋಗ್ಯದ ಪ್ರಶ್ನೆ, ಯಾವುದೇ ಇರಲಿ, ಹೋಗಬೇಕಾದ ಬಾಗಿಲು ಒಂದೇ. ನಮ್ಮ ಮನೆಯಲ್ಲಿದ್ದು ಪಿಯುಸಿ ಓದುತ್ತಿರುವ ಅಕ್ಕನ ಮಗಳನ್ನು ಕರೆದುಕೊಂಡು ಕೆಲವು ತಿಂಗಳಿಂದ ನಮ್ಮ ತಾಲ್ಲೂಕು ಆಸ್ಪತ್ರೆಯ ಕ್ಲಿನಿಕ್‌ಗೆ ಹೋಗಿಬರುತ್ತಿದ್ದೇನೆ. ಊರಿನ ಹೆಸರು ಬರೆದರೆ ಅಲ್ಲಿ ಕೆಲಸ ಮಾಡುವವರು ಯಾರೆಂಬುದು ತಿಳಿದುಬಿಡುವುದರಿಂದ ಅದನ್ನು ಬಿಟ್ಟಿದ್ದೇನೆ.

ಹುಡುಗಿಗೆ ಕಾಲೇಜಿನ ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನವಾದರೆ ತಲೆಸುತ್ತು, ತಿಂಗಳ ಮುಟ್ಟಿನಲ್ಲಿ ಅತಿಸ್ರಾವ. ಓಪಿ ಚೀಟಿ ಮಾಡಿಸಿ ಒಳಗೆ ಹೋದಾಗ ಆಪ್ತ ಸಮಾಲೋಚಕಿ ಮೊದಲು ಮಾಡಿದ ಕೆಲಸವೆಂದರೆ ನನ್ನನ್ನು ಹೊರಗೆ ಕಳುಹಿಸಿದ್ದು. "ಅಕ್ಕಾ, ನೀವು ಸ್ವಲ್ಪ ಹೊರಗ ಕೂಡ್ರಿ, ನಾವಿಬ್ರೂ ಮಾತಾಡ್ತೀವಿ" ಎಂದು ನಗುತ್ತಲೇ ಹೇಳಿದರೂ ಅದರಲ್ಲಿ ಎರಡನೆಯ ಮಾತಿಗೆ ಎಡೆಯಿರಲಿಲ್ಲ. ಅರ್ಧ ಗಂಟೆಗೂ ಹೆಚ್ಚು ಹೊತ್ತಿನ ನಂತರ ನನ್ನನ್ನು ಒಳಗೆ ಕರೆದು, ನನ್ನ ಎದುರಿನಲ್ಲೇ ಹುಡುಗಿಯ ಕಡೆ ತಿರುಗಿ, "ನಿಮ್ಮ ಚಿಗವ್ವಗ ಯಾವುದು ಹೇಳಲಿ, ಯಾವುದು ಬ್ಯಾಡ?" ಎಂದು ಕೇಳಿದರು. ಹುಡುಗಿ ಒಪ್ಪಿದ್ದನ್ನು ಮಾತ್ರ ಹೇಳಿದರು: ಬೆಳಿಗ್ಗೆ ಏನೂ ತಿನ್ನದೆ ಕಾಲೇಜಿಗೆ ಹೋಗುತ್ತಾಳೆ, ಪರೀಕ್ಷೆಯ ಭಯದಿಂದ ರಾತ್ರಿ ನಿದ್ದೆ ಬರುತ್ತಿಲ್ಲ, ಕಾಲೇಜಿನಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಹೊಟ್ಟೆ ತೊಳಸುತ್ತದೆಂದು ಬಿಸಾಡುತ್ತಾಳೆ. ಉಳಿದದ್ದು ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಖಾಸಗಿ ದವಾಖಾನೆಗಳಲ್ಲಿ ವೈದ್ಯರು ಹುಡುಗಿಯ ಮುಖ ನೋಡದೆ ನಮ್ಮನ್ನೇ ಪ್ರಶ್ನೆ ಕೇಳಿ ಔಷಧಿ ಬರೆಯುವುದನ್ನು ಕಂಡವರಿಗೆ ಈ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಚಿಕಿತ್ಸೆಯ ವಿಷಯದಲ್ಲೂ ದೂರುವಂಥದ್ದು ಕಡಿಮೆ. ಹಿಮೋಗ್ಲೋಬಿನ್ ಪರೀಕ್ಷೆ ಅಲ್ಲಿಯೇ ಆಯಿತು. ಈ ವಯಸ್ಸಿನ ಹುಡುಗಿಯರಿಗೆ 12 ಗ್ರಾಂ ಇರಬೇಕಾದದ್ದು ಇವಳಿಗೆ 9.2 ಇತ್ತು. 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಮಾತ್ರೆಯನ್ನು ದಿನಕ್ಕೆ ಎರಡರಂತೆ ಮೂರು ತಿಂಗಳು ಊಟದ ನಂತರ ನುಂಗಬೇಕೆಂದೂ, ತಿಂಗಳಿಗೊಮ್ಮೆ ಬಂದು ರಕ್ತ ಪರೀಕ್ಷೆ ಮಾಡಿಸಬೇಕೆಂದೂ ವೈದ್ಯರು ತಿಳಿಸಿದರು. ಜಂತುಹುಳುವಿಗೆಂದು ಒಂದು ಅಲ್ಬೆಂಡಜೋಲ್ ಕೊಟ್ಟರು. ಮಲ ಕಪ್ಪಾದರೆ ಹೆದರಿ ಮಾತ್ರೆ ಬಿಡಬಾರದೆಂದು ಮುಂಚಿತವಾಗಿಯೇ ಹೇಳಿದ್ದು ಬಹಳ ಉಪಕಾರವಾಯಿತು, ಏಕೆಂದರೆ ನಮ್ಮ ಕಡೆ ಎಷ್ಟೋ ಮಕ್ಕಳು ಮಾತ್ರೆ ನಿಲ್ಲಿಸುವುದು ಅದನ್ನು ನೋಡಿಯೇ. ಆಹಾರದ ಸಲಹೆ ಪುಸ್ತಕದಿಂದ ಓದಿದಂತಿರಲಿಲ್ಲ. ದಾಳಿಂಬೆ, ಖರ್ಜೂರ ಎನ್ನದೆ, ಪುಂಡಿಪಲ್ಯ, ನುಗ್ಗೆಸೊಪ್ಪು, ಕಡಲೆ, ಹೆಸರುಕಾಳು, ಜೊತೆಗೊಂದು ಹೋಳು ಲಿಂಬೆ ಎಂದರು. ಊಟವಾದ ಕೂಡಲೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ ಎಂಬ ಮಾತು ಮಾತ್ರ ನಮ್ಮಂಥ ಮನೆಗೆ ಮಾತ್ರೆಗಿಂತ ಕಹಿಯಾಯಿತು. ಮೊದಲ ತಿಂಗಳ ಕೊನೆಗೆ ಹಿಮೋಗ್ಲೋಬಿನ್ ಪ್ರಮಾಣ 10 ದಾಟಿತು.

ಇಷ್ಟು ಚೆನ್ನಾಗಿ ನಡೆಯುವ ಸೇವೆಗೆ ಕೊಟ್ಟಿರುವ ಸ್ಥಳವನ್ನು ನೋಡಿದರೆ ಸಿಟ್ಟು ಬರುತ್ತದೆ. ಕ್ಲಿನಿಕ್‌ಗೆ ಪ್ರತ್ಯೇಕ ಕೊಠಡಿಯಿಲ್ಲ. ಎಚ್‌ಐವಿ ಪರೀಕ್ಷೆಯ ಸಮಾಲೋಚನೆ ನಡೆಯುವ ಕೋಣೆಯಲ್ಲೇ ಒಂದು ಸ್ಟೀಲ್ ಕಪಾಟನ್ನು ಅಡ್ಡ ನಿಲ್ಲಿಸಿ, ಪಕ್ಕಕ್ಕೆ ಪರದೆ ಕಟ್ಟಿ, ಎರಡು ಕುರ್ಚಿ ಹಾಕಲಾಗಿದೆ. ಬಾಗಿಲ ಮೇಲೆ ದೊಡ್ಡದಾಗಿ ಐಸಿಟಿಸಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ, ಎಂಬ ಫಲಕವಿದ್ದು, ಸ್ನೇಹ ಕ್ಲಿನಿಕ್‌ನ ಚೀಟಿ ಅದರ ಕೆಳಗೆ ಟೇಪು ಹಚ್ಚಿಕೊಂಡು ಜೋತಾಡುತ್ತಿದೆ. ಆ ಬಾಗಿಲಿನಿಂದ ಹದಿನೇಳರ ಹುಡುಗಿ ಹೊರಬಂದರೆ ಎದುರಿನ ಬೆಂಚಿನಲ್ಲಿ ಕುಳಿತ ಊರಿನವರು ಏನೆಂದುಕೊಳ್ಳುತ್ತಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲದ್ದಕ್ಕೆ, ಅಟೆಂಡರ್ ಬಂದವರ ಹೆಸರು, ಊರು, ತಂದೆಯ ಹೆಸರು ಮೂರನ್ನೂ ಸೇರಿಸಿ ಗಟ್ಟಿಯಾಗಿ ಕೂಗುತ್ತಾರೆ. ಟೋಕನ್ ಸಂಖ್ಯೆ ಕೂಗಿದರೆ ಆಸ್ಪತ್ರೆಗೆ ಒಂದು ಪೈಸೆಯೂ ಖರ್ಚಾಗುವುದಿಲ್ಲ. ನಾನು ವೈದ್ಯಾಧಿಕಾರಿಗಳಿಗೆ ಬರೆದುಕೊಟ್ಟಿದ್ದೇನೆ, ಇನ್ನೂ ಬದಲಾಗಿಲ್ಲ.

ಗುಟ್ಟು ಕಾಯುವುದಕ್ಕೆ ಒಂದು ಮಿತಿಯೂ ಇದೆ, ಅದನ್ನು ಹೋಗುವ ಮೊದಲೇ ತಿಳಿದಿರುವುದು ಒಳ್ಳೆಯದು. 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯವರಿಗೂ ಕಡ್ಡಾಯ. ಇಲ್ಲಿನ ಸಮಾಲೋಚಕಿ ಇದನ್ನು ಮಾತಿನ ಆರಂಭದಲ್ಲೇ ಸ್ಪಷ್ಟಪಡಿಸುತ್ತಾರೆ, ಅದು ಪ್ರಾಮಾಣಿಕ ನಡೆ. ಆದರೆ ಇದರ ಪರಿಣಾಮವಾಗಿ, ನಮ್ಮ ಭಾಗದಲ್ಲಿ ಇಂದಿಗೂ ಸದ್ದಿಲ್ಲದೆ ನಡೆಯುವ ಬಾಲ್ಯವಿವಾಹಗಳಿಗೆ ಸಿಕ್ಕಿ ಹದಿನಾರು ಹದಿನೇಳಕ್ಕೇ ಬಸಿರಾದ ಹುಡುಗಿಯರು, ಅಂದರೆ ಯಾರಿಗೆ ಈ ಸೇವೆಯ ಅಗತ್ಯ ಎಲ್ಲರಿಗಿಂತ ಹೆಚ್ಚೋ ಅವರು, ಗಂಡನ ಮನೆಯವರ ಮೇಲೆ ಕೇಸಾಗುತ್ತದೆಂಬ ಅಂಜಿಕೆಯಿಂದ ಈ ಕಡೆ ಸುಳಿಯುವುದೇ ಇಲ್ಲ. ಇದು ಕ್ಲಿನಿಕ್‌ನ ತಪ್ಪಲ್ಲ, ಕಾಯ್ದೆಯನ್ನು ತಪ್ಪೆನ್ನಲೂ ನನಗೆ ಮನಸ್ಸಿಲ್ಲ, ಆದರೂ ಆ ಬೆಂಚಿನ ಮೇಲೆ ಅವರು ಕಾಣುವುದಿಲ್ಲ ಎಂಬುದು ನಿಜ.

ಹುಡುಗರೂ ಅಪರೂಪ. ಸ್ವಪ್ನಸ್ಖಲನದಂಥ ಸಹಜ ವಿಷಯಕ್ಕೂ ಅವರು ಬಸ್ ನಿಲ್ದಾಣದ ಗೋಡೆಗಳಲ್ಲಿ ಗುಪ್ತರೋಗಕ್ಕೆ ಶಾಶ್ವತ ಪರಿಹಾರವೆಂದು ಜಾಹೀರಾತು ಅಂಟಿಸುವವರ ಬಳಿ ಹೋಗಿ ಸಾವಿರಗಟ್ಟಲೆ ಸುರಿಯುತ್ತಾರೆ. ನಮ್ಮ ಕ್ಲಿನಿಕ್‌ನಲ್ಲಿ ಇರುವವರು ಒಬ್ಬರೇ ಸಮಾಲೋಚಕಿ. ಹುಡುಗರ ಜೊತೆ ಮಾತಾಡಲು ವಾರಕ್ಕೊಂದು ದಿನವಾದರೂ ಗಂಡಸರೊಬ್ಬರು ಇದ್ದರೆ ಅನುಕೂಲ.

ಸಮಯದ ತೊಂದರೆಯನ್ನೂ ಹೇಳಬೇಕು. ಕ್ಲಿನಿಕ್ ನಡೆಯುವುದು ವಾರದ ಒಂದು ಮಧ್ಯಾಹ್ನ, ಕಾಲೇಜು ಬಿಡುವ ಹೊತ್ತಿಗೆ ಸರಿಯಾಗಿ ಅದೂ ಮುಗಿಯುತ್ತಿರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯ ಹುಡುಗಿಯರು ಮನೆಯಲ್ಲಿ ಬಸ್ಸಿನ ದುಡ್ಡು ಕೇಳದೆ ತಾಲ್ಲೂಕಿಗೆ ಬರಬಹುದಾಗಿದೆ, ಆದರೆ ಸಂಜೆಯ ಬಸ್ಸು ತಪ್ಪಿದರೆ ಅವರ ಗತಿಯೇನು? ಹತ್ತಿ, ಮೆಣಸಿನಕಾಯಿ ಬಿಡಿಸುವ ತಿಂಗಳುಗಳಲ್ಲಂತೂ ಅರ್ಧ ಮಕ್ಕಳು ಹೊಲದಲ್ಲಿರುತ್ತಾರೆ. ಒಮ್ಮೆ ಮಾತ್ರೆಯ ದಾಸ್ತಾನು ಮುಗಿದು ಮುಂದಿನ ವಾರ ಬನ್ನಿ ಎಂದರು. ನಾವು ಹೊರಗೆ ಕೊಂಡೆವು, ಎಲ್ಲರಿಗೂ ಅದು ಆಗುವ ಮಾತಲ್ಲ.

ನಿದ್ದೆಗೇಡು ಮತ್ತು ಪರೀಕ್ಷೆಯ ಭಯಕ್ಕೆ ಸಮಾಲೋಚಕಿ ತಾವೇ ಔಷಧಿ ಹೇಳಲು ಹೋಗದೆ, ಮನೋಚೈತನ್ಯ ಕಾರ್ಯಕ್ರಮದಂತೆ ಮಂಗಳವಾರ ಅದೇ ಆಸ್ಪತ್ರೆಗೆ ಬರುವ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು. ಅವರು ಮಾತ್ರೆ ಬರೆಯಲಿಲ್ಲ. ಮಲಗುವ ಹೊತ್ತು, ಮೊಬೈಲ್, ಓದಿನ ವೇಳಾಪಟ್ಟಿ ಇವನ್ನು ಸರಿಮಾಡಿ ಒಂದು ತಿಂಗಳು ಬಿಟ್ಟು ಬರಲು ಹೇಳಿದರು. ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ 1990ರವರೆಗೆ ನಿಮ್ಹಾನ್ಸ್ ನಡೆಸಿದ ಮಾನಸಿಕ ಆರೋಗ್ಯ ಸೇವೆಯ ಪ್ರಯೋಗವೇ ಮುಂದೆ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಂಥ ಸೀಮೆಯಲ್ಲಿ ಹದಿಹರೆಯದವರು ಮನಬಿಚ್ಚಿ ಮಾತಾಡಲು ನಾಲ್ಕು ಗೋಡೆಯ ಒಂದು ಕೋಣೆ ಕೇಳಿದರೆ ಅದು ಹೆಚ್ಚಿನ ಬೇಡಿಕೆಯೇನೂ ಅಲ್ಲ.

ಒಟ್ಟಿನಲ್ಲಿ ಐದಕ್ಕೆ ಮೂರೂವರೆ ಕೊಡುತ್ತೇನೆ, ಕಳೆದದ್ದರಲ್ಲಿ ಒಂದು ಅಂಕ ಆ ಕಪಾಟಿನ ಲೆಕ್ಕಕ್ಕೆ. ಹೋಗುವವರು ಆಧಾರ್ ಮತ್ತು ಹಳೆಯ ಪರೀಕ್ಷೆಯ ಚೀಟಿ ಇಟ್ಟುಕೊಂಡು, ಕ್ಲಿನಿಕ್ ಯಾವ ದಿನವೆಂದು ತಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿ. 19 ದಾಟಿದವರಿಗೆ ಸಾಮಾನ್ಯ ಹೊರರೋಗಿ ವಿಭಾಗದ ಸಾಲೇ ಗತಿ. ಆದರೆ ಮನಸ್ಸಿನ ತೊಂದರೆಗಾದರೆ ವಯಸ್ಸಿನ ಅಡ್ಡಿಯಿಲ್ಲದೆ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯಬೇಕೆನಿಸುವಷ್ಟು ಕಷ್ಟದಲ್ಲಿರುವವರು ಕ್ಲಿನಿಕ್‌ನ ದಿನಕ್ಕಾಗಿ ಕಾಯದೆ ಕೂಡಲೇ ಆ ಸಂಖ್ಯೆಗೆ ಕರೆ ಮಾಡಬೇಕು, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.