ಮಗಳ ಆತಂಕಕ್ಕೆ ಚಿಕಿತ್ಸೆ: ದೊಡ್ಡ ಆಸ್ಪತ್ರೆ, ಊರಿನ ಕ್ಲಿನಿಕ್, ಆನ್‌ಲೈನ್ ಮತ್ತು ಸಹಾಯವಾಣಿ

ತುಮಕೂರಿನಂಥ ಊರಿನಲ್ಲಿದ್ದುಕೊಂಡು ಮಕ್ಕಳ ಆತಂಕಕ್ಕೋ ಖಿನ್ನತೆಗೋ ಚಿಕಿತ್ಸೆ ಹುಡುಕುತ್ತಿರುವ ತಂದೆತಾಯಿಯರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತೊಂದರೆ ಏನೆಂದು ತಿಳಿಯುವುದಕ್ಕೆ ದೊಡ್ಡ ಆಸ್ಪತ್ರೆಗೆ ಹೋಗಿ. ವಾರವಾರದ ಥೆರಪಿಗೆ, ಅಂದರೆ ಮಾತುಕತೆ ಮತ್ತು ಅಭ್ಯಾಸದ ಮೂಲಕ ನಡೆಯುವ ಚಿಕಿತ್ಸೆಗೆ, ಮನೆಗೆ ಹತ್ತಿರವಿರುವವರನ್ನು, ಮಗು ಕನಸು ಕಾಣುವ ಭಾಷೆಯಲ್ಲೇ ಮಾತನಾಡುವವರನ್ನು ಹುಡುಕಿ.

ನನ್ನ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಶಾಲೆಯ ದಿನಗಳಲ್ಲಿ ಬೆಳಗಾದರೆ ಹೊಟ್ಟೆನೋವು, ವಾಕರಿಕೆ. ಭಾನುವಾರ ಯಾವುದೂ ಇಲ್ಲ. ಮಕ್ಕಳ ವೈದ್ಯರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಮನೋವೈದ್ಯರನ್ನು ಕಾಣಲು ಹೇಳಿದರು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆಂದೇ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ. ಅಲ್ಲಿ ನನಗೆ ತುಂಬಾ ಇಷ್ಟವಾದದ್ದು ವಿಚಾರಿಸುವ ಕ್ರಮ. ಮಗಳೊಂದಿಗೆ ಬೇರೆಯಾಗಿ ಮಾತನಾಡಿದರು, ನಮ್ಮೊಂದಿಗೆ ಬೇರೆಯಾಗಿ. ನಿದ್ರೆ, ಊಟ, ಗೆಳತಿಯರು, ಹುಟ್ಟಿದಾಗಿನ ಸಂಗತಿ, ಮನೆಯಲ್ಲಿ ಯಾರಿಗಾದರೂ ಇಂಥದ್ದು ಇತ್ತೇ ಎಂಬುದು, ಎಲ್ಲವನ್ನೂ ಕೇಳಿದರು. ಸಾಮಾಜಿಕ ಆತಂಕ, ಅಂದರೆ ಜನರೆದುರು ನಗೆಪಾಟಲಾದೇನೆಂಬ ಅತಿಯಾದ ಭಯ, ಎಂದು ಹೆಸರಿಟ್ಟು ಹೇಳಿದರು. ಸದ್ಯಕ್ಕೆ ಮಾತ್ರೆ ಬೇಡ, ಥೆರಪಿ ಸಾಕು ಎಂದರು. ಸರ್ಕಾರಿ ಸಂಸ್ಥೆಯಾದ್ದರಿಂದ ಖರ್ಚು ಕಡಿಮೆ, ಬಿಪಿಎಲ್ ಕಾರ್ಡಿನವರಿಗೆ ರಿಯಾಯಿತಿಯೂ ಉಂಟು. ಆದರೆ ಎಪ್ಪತ್ತು ಕಿಲೋಮೀಟರ್ ದೂರದಿಂದ ವಾರಕ್ಕೊಮ್ಮೆ ಬರುವುದೆಂದರೆ ಶಾಲೆಯ ಒಂದು ದಿನ ಪೂರ್ತಿ ಹೋದಂತೆ. ಶಾಲೆ ತಪ್ಪಿಸಿಕೊಳ್ಳುವುದೇ ತೊಂದರೆಯಾಗಿರುವ ಮಗುವಿಗೆ ಅದು ಒಳ್ಳೆಯದಲ್ಲ.

ಹಾಗಾಗಿ ಥೆರಪಿಗೆ ನಮ್ಮ ಊರಿನಲ್ಲೇ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ (ಮಾತ್ರೆ ಬರೆಯದೆ ಥೆರಪಿ ಕೊಡುವ ಮನಶ್ಶಾಸ್ತ್ರಜ್ಞ) ಅವರನ್ನು ಹುಡುಕಿದೆವು. ಬೋರ್ಡಿನಲ್ಲಿ ‘ಕೌನ್ಸೆಲರ್’ ಎಂದು ಬರೆದುಕೊಂಡವರೆಲ್ಲ ಒಂದೇ ಬಗೆಯ ತರಬೇತಿ ಪಡೆದಿರುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ನೋಂದಣಿ ಇದೆಯೇ ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ನಮಗೆ ನಿಜವಾದ ಬದಲಾವಣೆ ಕಂಡದ್ದು ಇಲ್ಲೇ. ಮಗಳೂ ಅವರೂ ಸೇರಿ ಭಯಗಳ ಪಟ್ಟಿ ಮಾಡಿದರು, ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟರು. ಅಂಗಡಿಯಲ್ಲಿ ಬೆಲೆ ಕೇಳುವುದಕ್ಕೆ ಮೂರು, ತರಗತಿಯಲ್ಲಿ ಎದ್ದುನಿಂತು ಪಾಠ ಓದುವುದಕ್ಕೆ ಹತ್ತು. ಕೆಳಗಿನದರಿಂದ ಶುರುಮಾಡಿ, ಒಂದೊಂದನ್ನು ಭಯ ತಾನಾಗಿ ಇಳಿಯುವವರೆಗೆ ಮತ್ತೆ ಮತ್ತೆ ಮಾಡಿಸಿದರು.

ನಮಗೂ ಪಾಠವಿತ್ತು. “ಅಮ್ಮ, ಯಾರೂ ನಗುವುದಿಲ್ಲ ಅಲ್ಲವೇ?” ಎಂದು ಮಗಳು ಕೇಳಿದಾಗಲೆಲ್ಲ “ಇಲ್ಲ ಕಣೇ” ಎಂದು ಸಮಾಧಾನ ಹೇಳಿದರೆ ಭಯ ಆ ಹೊತ್ತಿಗೆ ಇಳಿಯುತ್ತದೆ, ಆದರೆ ಮರುದಿನ ಅದೇ ಸಮಾಧಾನ ಇನ್ನೊಮ್ಮೆ ಬೇಕಾಗುತ್ತದೆ. ಅದರ ಬದಲು “ನಕ್ಕರೆ ನೀನು ಏನು ಮಾಡುತ್ತೀಯ?” ಎಂದು ಕೇಳಲು ಕಲಿಸಿದರು. ಮಾನಸಿಕ ಆರೋಗ್ಯಕ್ಕೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳಿದರೂ, ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಥೆರಪಿಯ ಶುಲ್ಕ ನಮ್ಮ ಪಾಲಿಸಿಗೆ ಸೇರಲಿಲ್ಲ. ಈ ದಾರಿಯ ದೊಡ್ಡ ಕೊರತೆ ಅದೇ. ಅಷ್ಟು ಹಣ ಹೊಂದಿಸಲಾಗದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಬೇಕು.

ಆನ್‌ಲೈನ್ ಥೆರಪಿಯನ್ನೂ ನೋಡಿದೆವು. ಸಿಕ್ಕವರು ಬೇರೆ ರಾಜ್ಯದವರು, ತಾಳ್ಮೆಯುಳ್ಳವರು. ಆದರೆ ಮಾತೆಲ್ಲ ಇಂಗ್ಲಿಷಿನಲ್ಲಿ. ಮಗಳು ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುತ್ತಾಳೆ, ಭಯಪಡುವುದು ಕನ್ನಡದಲ್ಲಿ. ಜನರ ಮುಖ ನೋಡಲು ಹೆದರುವ ಹುಡುಗಿ ಕ್ಯಾಮೆರಾ ಆರಿಸಿ ಕುಳಿತರೆ ಚಿಕಿತ್ಸೆ ನಡೆಯುವುದಾದರೂ ಹೇಗೆ? ಪಕ್ಕದ ಕೋಣೆಯಲ್ಲಿ ಅಜ್ಜಿ ಇದ್ದಾರೆಂಬ ಅಂಜಿಕೆ ಬೇರೆ. ಮುಂದೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿನಲ್ಲಿ ನಮ್ಮ ಊರಿನ ಸೈಕಾಲಜಿಸ್ಟ್ ಜೊತೆಗೇ ವಿಡಿಯೊ ಕರೆ ಮಾಡಿದಾಗ ಚೆನ್ನಾಗಿಯೇ ನಡೆಯಿತು, ಏಕೆಂದರೆ ಪರಿಚಯ ಮೊದಲೇ ಆಗಿತ್ತು.

ಶಾಲೆಯ ಆಪ್ತಸಮಾಲೋಚಕರ ಬಗ್ಗೆ ಹೆಚ್ಚು ಹೇಳಲಾರೆ. ನಮ್ಮ ಅನುಭವದಲ್ಲಿ ಅಲ್ಲಿ ಆಡಿದ ಮಾತು ತರಗತಿ ಶಿಕ್ಷಕಿಯ ಕಿವಿಗೆ ಮುಟ್ಟಿತು, ಮಗಳು ಮತ್ತೆ ಅಲ್ಲಿಗೆ ಹೋಗಲಿಲ್ಲ.

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 14416, 2022ರ ಅಕ್ಟೋಬರ್‌ನಿಂದ ಇದೆ. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಮಗಳಿಗೆ ನಡುರಾತ್ರಿ ಎದೆ ಹೊಡೆದುಕೊಂಡು ಉಸಿರು ಕಟ್ಟಿದಂತಾದಾಗ ಕರೆ ಮಾಡಿದ್ದೆ. ನನ್ನ ಕೈಕಾಲು ನಡುಗುವುದು ನಿಂತದ್ದು ಆ ಮಾತಿನಿಂದಲೇ. ಆ ಹೊತ್ತಿಗೆ ಅದಕ್ಕಿಂತ ಒಳ್ಳೆಯದಿಲ್ಲ. ತಿಂಗಳುಗಟ್ಟಲೆ ನಡೆಯುವ ಥೆರಪಿಗೆ ಅದು ಬದಲಿಯಲ್ಲ.

ಖಿನ್ನತೆಯ ಲೆಕ್ಕ ಸ್ವಲ್ಪ ಬೇರೆ. ನನ್ನ ಅಕ್ಕನ ಮಗ ಪಿಯುಸಿಯಲ್ಲಿದ್ದಾಗ ಹಾಸಿಗೆ ಬಿಟ್ಟು ಏಳದಂತಾದ. ಅವನಿಗೆ ಥೆರಪಿಯ ಜೊತೆಗೆ ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್ ಮಾತ್ರೆಯೂ ಬೇಕಾಯಿತು. ಇಂಥ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಕೆಲವು ಹದಿಹರೆಯದವರಲ್ಲಿ ಸಾವಿನ ಯೋಚನೆ ಹೆಚ್ಚಬಹುದು, ಆದ್ದರಿಂದ ಹತ್ತಿರದಿಂದ ನೋಡಿಕೊಳ್ಳಬೇಕೆಂದು ವೈದ್ಯರು ಎಚ್ಚರಿಸಿದ್ದರು. ನಾವಾಗಿಯೇ ಮಾತ್ರೆ ನಿಲ್ಲಿಸಬಾರದು ಎಂದೂ ಹೇಳಿದ್ದರು. ಮಗು ಸಾಯುವ ಮಾತಾಡಿದರೆ ಈ ಹೋಲಿಕೆಗಳನ್ನೆಲ್ಲ ಬದಿಗಿಟ್ಟು, ಒಂಟಿಯಾಗಿ ಬಿಡದೆ, ಅಂದೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.

ಥೆರಪಿಸ್ಟ್ ಅವರನ್ನು ಗೊತ್ತುಮಾಡುವ ಮೊದಲು ನಾವು ಫೋನಿನಲ್ಲೇ ಮೂರು ವಿಷಯ ಕೇಳುತ್ತಿದ್ದೆವು: ಈ ವಯಸ್ಸಿನ ಮಕ್ಕಳೊಂದಿಗೆ ಕೆಲಸ ಮಾಡಿದ್ದೀರಾ, ಪೋಷಕರನ್ನು ಎಷ್ಟು ದಿನಕ್ಕೊಮ್ಮೆ ಭೇಟಿಯಾಗುತ್ತೀರಿ, ಮಗು ಹೇಳಿದ ಯಾವ ಮಾತನ್ನು ನಮಗೆ ತಿಳಿಸುತ್ತೀರಿ, ಯಾವುದನ್ನು ತಿಳಿಸುವುದಿಲ್ಲ. ಕೊನೆಯ ಪ್ರಶ್ನೆಗೆ ನಮ್ಮ ಸೈಕಾಲಜಿಸ್ಟ್ ಮೊದಲ ದಿನ ಮಗಳ ಎದುರಿಗೇ ಉತ್ತರ ಕೊಟ್ಟರು: ಜೀವಕ್ಕೆ ಅಪಾಯವಿದ್ದರೆ ಹೇಳುತ್ತೇನೆ, ಉಳಿದದ್ದು ಅವಳದು. ಮಗಳು ಅವರತ್ತ ತಲೆಯೆತ್ತಿ ನೋಡಿದ್ದು ಆಗಲೇ.